ದಿನವಿಡೀ ನಿಂತರೂ ಮೂಳೆಗೆ ಏಕೆ ಸಾಲದು? ಮೂಳೆಯೊಳಗೆ ಹರಿಯುವ ದ್ರವದ ಬಗ್ಗೆ

ಪ್ರಶ್ನೆ: ನನಗೆ 56 ವರ್ಷ, ಮುಟ್ಟು ನಿಂತು ಆರು ವರ್ಷವಾಯಿತು. ಇತ್ತೀಚೆಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಸೊಂಟದ ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಎಂದು ಬಂತು. ನಾನು ಶಾಲಾ ಶಿಕ್ಷಕಿ. ದಿನಕ್ಕೆ ಐದಾರು ಗಂಟೆ ನಿಂತೇ ಪಾಠ ಮಾಡುತ್ತೇನೆ, ಸಂಜೆ ಅರ್ಧ ಗಂಟೆ ನಿಧಾನವಾಗಿ ನಡೆಯುತ್ತೇನೆ. ಆದರೂ ವೈದ್ಯರು "ಮೂಳೆಗೆ ಇದು ಸಾಲದು, ಸ್ವಲ್ಪ ಚುರುಕಾದ ಪೆಟ್ಟು ಬೀಳಬೇಕು" ಎಂದರು. ಎಂಜಿನಿಯರಿಂಗ್ ಓದುತ್ತಿರುವ ಮಗಳು, ಮೂಳೆಯೊಳಗೆ ನೀರು ಹರಿಯುತ್ತದೆ, ಅದು ಹರಿದಾಗಲೇ ಮೂಳೆ ಬೆಳೆಯುತ್ತದೆ ಎನ್ನುತ್ತಾಳೆ. ಕಲ್ಲಿನಂಥ ಮೂಳೆಯಲ್ಲಿ ನೀರು ಹರಿಯುವುದು ಹೇಗೆ? ಇಡೀ ದೇಹದ ಭಾರ ಹೊತ್ತು ಗಂಟೆಗಟ್ಟಲೆ ನಿಲ್ಲುವುದು ಲೆಕ್ಕಕ್ಕೇ ಇಲ್ಲವೇ? ರಾತ್ರಿ ಮಲಗಿದಾಗ ಆ ನೀರು ಏನಾಗುತ್ತದೆ?

ಉತ್ತರ: ಮಾನ್ಯರೇ, ನಿಮ್ಮ ವೈದ್ಯರೂ ಮಗಳೂ ಹೇಳಿರುವುದು ಒಂದೇ ಸಂಗತಿಯ ಎರಡು ತುದಿಗಳನ್ನು. ಮೂಳೆಯೊಳಗಿನ ಜೀವಕೋಶಗಳಿಗೆ ಭಾರ ಎಷ್ಟಿದೆ ಎಂಬುದು ನೇರವಾಗಿ ತಿಳಿಯುವುದಿಲ್ಲ; ಭಾರ ಏರಿದಾಗ ಮತ್ತು ಇಳಿದಾಗ ತಮ್ಮ ಸುತ್ತಲಿನ ದ್ರವ ಕದಲಿತೇ ಇಲ್ಲವೇ ಎಂಬುದು ತಿಳಿಯುತ್ತದೆ. ನಿಂತಲ್ಲೇ ನಿಂತ ಭಾರ ಆ ದ್ರವವನ್ನು ಒಂದು ಸಲ ತಳ್ಳಿ ಸುಮ್ಮನಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇದನ್ನು ಒಪ್ಪಿಕೊಳ್ಳಬೇಕಾದರೆ ಮೂಳೆಯ ಒಳಗು ಹೇಗಿದೆ ಎಂಬುದು ಕಣ್ಣಿಗೆ ಕಟ್ಟಬೇಕು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ನೋಡಿರುವ ಮೂಳೆ ಸಾಮಾನ್ಯವಾಗಿ ಶಾಲೆಯ ಪ್ರಯೋಗಾಲಯದಲ್ಲಿ ತೂಗುಹಾಕಿದ ಅಸ್ಥಿಪಂಜರದ್ದು, ಅಂದರೆ ಒಣಗಿದ್ದು. ಅದನ್ನು ನೋಡಿ ಮೂಳೆ ಕಲ್ಲಿನಂತೆ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಜೀವಂತ ದೇಹದಲ್ಲಿರುವ ಗಟ್ಟಿ ಮೂಳೆಯ ಗಾತ್ರದಲ್ಲಿ ಸುಮಾರು ಐದನೆಯ ಒಂದು ಭಾಗ ನೀರು. ಅದರಲ್ಲಿ ಸ್ವಲ್ಪ ಭಾಗ ಕ್ಯಾಲ್ಸಿಯಂ ಲವಣದ ಹರಳುಗಳಿಗೂ ಕೊಲಾಜನ್ ಎಳೆಗಳಿಗೂ ಅಂಟಿಕೊಂಡು ಅಲ್ಲಾಡದೆ ಇರುತ್ತದೆ. ಉಳಿದದ್ದು ರಂಧ್ರಗಳಲ್ಲಿ ಓಡಾಡುತ್ತದೆ. ತೊಡೆಮೂಳೆಯ ಅಡ್ಡ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದ ಉಂಗುರಗಳಂತೆ ಒಂದರ ಸುತ್ತ ಒಂದು ಪದರವಿರುವ ಕಂಬಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಒಂದೊಂದು ಕಂಬದ ಅಡ್ಡಳತೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಅದರ ನಡುವೆ ರಕ್ತನಾಳ ಹಾದುಹೋಗುವ ಒಂದು ಕೊಳವೆಯಿದೆ. ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹೇವರ್ಸ್ 1691ರಲ್ಲಿ ಮೂಳೆಯ ಒಳರಚನೆಯನ್ನು ವಿವರಿಸಿದ್ದರಿಂದ ಅದನ್ನು ಇಂದಿಗೂ ಹೇವರ್ಸ್ ನಾಳ ಎನ್ನುತ್ತೇವೆ.

ಉಂಗುರಗಳ ನಡುನಡುವೆ ಪುಟ್ಟ ಗೂಡುಗಳಿವೆ. ಪ್ರತಿ ಗೂಡಿನಲ್ಲಿ ಒಂದು ಜೀವಕೋಶ ಕೂತಿರುತ್ತದೆ. ಅದೇ ಆಸ್ಟಿಯೋಸೈಟ್, ಕನ್ನಡದಲ್ಲಿ ಅಸ್ಥಿಕೋಶ ಎನ್ನೋಣ. ಮೂಳೆ ಕಟ್ಟುವ ಕೋಶಗಳಲ್ಲಿ ಕೆಲವು ಕಟ್ಟುತ್ತ ಕಟ್ಟುತ್ತ ತಾವು ಕಟ್ಟಿದ್ದರೊಳಗೇ ಹೂತುಹೋಗಿ ಅಸ್ಥಿಕೋಶಗಳಾಗುತ್ತವೆ. ಹೂತುಹೋದರೂ ಅವು ಒಂಟಿಯಾಗುವುದಿಲ್ಲ. ಒಂದೊಂದು ಕೋಶವೂ ಹತ್ತಾರು ಕವಲುಗಳನ್ನು ಚಾಚಿ, ಗಟ್ಟಿ ಮೂಳೆಯೊಳಗಿನ ಕೂದಲಿಗಿಂತ ನೂರಾರು ಪಟ್ಟು ಸಣ್ಣ ಸುರಂಗಗಳ ಮೂಲಕ ನೆರೆಯ ಕೋಶಗಳ ಕವಲುಗಳನ್ನು ಮುಟ್ಟಿಕೊಂಡಿರುತ್ತದೆ. ಈ ಸೂಕ್ಷ್ಮನಾಳದ ಒಳ ಅಗಲ ಹೆಚ್ಚೆಂದರೆ ಅರ್ಧ ಮೈಕ್ರೋಮೀಟರ್. ಕವಲು ಅದರ ನಡುವೆ ಹಾದುಹೋದ ಮೇಲೆ ಸುತ್ತಲೂ ಉಳಿಯುವ ಸಂದು ಒಂದು ಮೈಕ್ರೋಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ನಿಮ್ಮ ಮಗಳು ಹೇಳಿದ ನೀರು ಹರಿಯುವುದು ಆ ಸಂದಿನಲ್ಲಿ. ವಯಸ್ಕ ಮನುಷ್ಯನ ಅಸ್ಥಿಪಂಜರದಲ್ಲಿ ಇಂಥ ಕೋಶಗಳು ಸುಮಾರು 4,200 ಕೋಟಿ ಇವೆಯೆಂದೂ, ಈ ಗೂಡು-ಸುರಂಗಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹರಡಿದರೆ 215 ಚದರ ಮೀಟರ್ ಆಗುತ್ತದೆಯೆಂದೂ 2015ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಎರಡೂವರೆ ಬ್ಯಾಡ್ಮಿಂಟನ್ ಅಂಕಣಗಳಿಗಿಂತ ದೊಡ್ಡ ಜಾಗವದು. ಮೂಳೆಯನ್ನು ಕಲ್ಲು ಎನ್ನುವ ಮುನ್ನ ಈ ಅಂಕಿಯನ್ನು ಒಮ್ಮೆ ನೆನೆಯಬೇಕು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಇನ್ನು ಈ ದ್ರವವನ್ನು ಕದಲಿಸುವುದು ಯಾವುದು? ನಾಟಿಗೆ ಹದಮಾಡಿದ ಗದ್ದೆಯಲ್ಲಿ ಹೆಜ್ಜೆಯಿಟ್ಟರೆ ಪಾದದ ಕೆಳಗಿನ ಮಣ್ಣು ಒತ್ತಿಕೊಂಡು, ಅದರಲ್ಲಿದ್ದ ನೀರು ಪಾದದ ಪಕ್ಕಕ್ಕೆ ಒಸರುತ್ತದೆ; ಕಾಲೆತ್ತಿದರೆ ಆ ಗುಳಿಗೆ ಮತ್ತೆ ನೀರು ಬಂದು ತುಂಬುತ್ತದೆ. ನೀರು ತುಂಬಿದ, ರಂಧ್ರಗಳಿರುವ ಯಾವ ವಸ್ತುವನ್ನು ಒತ್ತಿದರೂ ನಡೆಯುವುದು ಇದೇ. ಕಟ್ಟಡದ ಭಾರಕ್ಕೆ ಜೇಡಿಮಣ್ಣು ಹೇಗೆ ಕುಸಿಯುತ್ತದೆ ಎಂಬ ಪ್ರಶ್ನೆಯನ್ನು ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಗಣಿತಕ್ಕೆ ಇಳಿಸಿದರು. ಮಾರಿಸ್ ಬಯೋ 1941ರಲ್ಲಿ ಅದನ್ನು ಮೂರು ಆಯಾಮಗಳಿಗೆ ವಿಸ್ತರಿಸಿದರು. ಮಣ್ಣಿನ ಎಂಜಿನಿಯರುಗಳಿಗೆಂದು ಹುಟ್ಟಿದ ಈ ಸಮೀಕರಣಗಳನ್ನೇ ಮುಂದೆ ಮೂಳೆಗೂ ಬಳಸಲಾಯಿತು. ನಿಮ್ಮ ಮಗಳು ಸಿವಿಲ್ ಓದುತ್ತಿದ್ದರೆ ಅವಳ ಪಠ್ಯದಲ್ಲಿಯೇ ಇದರ ಮೊದಲ ಅಧ್ಯಾಯ ಸಿಗುತ್ತದೆ.

ಗದ್ದೆಯ ಕೆಸರಿಗೂ ಮೂಳೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮೂಳೆ ಎಷ್ಟು ಬಿಗಿಯೆಂದರೆ ನಡೆಯುವಾಗ ಅದು ತನ್ನ ಉದ್ದದಲ್ಲಿ ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಕುಗ್ಗುತ್ತದೆ. ಆದರೆ ಅದು ನೇರವಾಗಿ ಮಾತ್ರ ಕುಗ್ಗುವುದಿಲ್ಲ. ಮೊಣಕಾಲಿನ ಕೆಳಗಿನ ಉದ್ದ ಮೂಳೆ ಸ್ವಲ್ಪ ಬಾಗಿರುವುದರಿಂದ ಪ್ರತಿ ಹೆಜ್ಜೆಗೂ ಇನ್ನಷ್ಟು ಬಾಗುತ್ತದೆ. ಒಂದು ಮಗ್ಗುಲು ಒತ್ತಿಕೊಳ್ಳುತ್ತದೆ, ಎದುರು ಮಗ್ಗುಲು ಹಿಗ್ಗುತ್ತದೆ. ಒತ್ತಿಕೊಂಡ ಕಡೆಯ ಸೂಕ್ಷ್ಮನಾಳಗಳಲ್ಲಿ ದ್ರವದ ಒತ್ತಡ ಏರಿ, ಅದು ಕಡಿಮೆ ಒತ್ತಡವಿರುವ ಹೇವರ್ಸ್ ನಾಳದ ಕಡೆಗೆ ಮತ್ತು ಹಿಗ್ಗಿದ ಭಾಗದ ಕಡೆಗೆ ಸರಿಯುತ್ತದೆ. ಕಾಲು ನೆಲ ಬಿಟ್ಟಾಗ ಹಿಂದಿರುಗುತ್ತದೆ. ಈ ಏರಿದ ಒತ್ತಡ ಸಮವಾಗಲು ಬೇಕಾದ ಸಮಯ, ಲೆಕ್ಕಾಚಾರಗಳ ಪ್ರಕಾರ, ಒಂದು ಸೆಕೆಂಡಿನ ಸಾವಿರದ ಕೆಲವೇ ಪಾಲು. ಸಮವಾದ ಮೇಲೆ ಭಾರ ಅಲ್ಲೇ ಇದ್ದರೂ ದ್ರವ ಹರಿಯುವುದಿಲ್ಲ, ಏಕೆಂದರೆ ಹರಿಯಲು ಎತ್ತರ-ತಗ್ಗು ಬೇಕು.

ಈಗ ನಿಮ್ಮ ತರಗತಿಗೆ ಬರೋಣ. ನೀವು ಕುರ್ಚಿಯಿಂದ ಎದ್ದು ನಿಂತ ಕ್ಷಣದಲ್ಲಿ ಕಾಲಿನ ಮೂಳೆಯ ದ್ರವ ಒಮ್ಮೆ ಕದಲುತ್ತದೆ. ಆಮೇಲೆ ನಲವತ್ತು ನಿಮಿಷ ನಿಂತೇ ಇದ್ದರೂ ದೇಹದ ಸಣ್ಣ ತೂಗಾಟ, ಸ್ನಾಯುಗಳ ಬಿಗಿತ-ಸಡಿಲಿಕೆ, ಕಪ್ಪುಹಲಗೆಯ ಕಡೆ ಹಾಕುವ ನಾಲ್ಕು ಹೆಜ್ಜೆ, ಇಷ್ಟರಿಂದ ಬರುವ ಕದಲಿಕೆ ಮಾತ್ರ. ಇದು ಸೊನ್ನೆಯಲ್ಲ. ಗುರುತ್ವದ ಭಾರವೇ ಬೀಳದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ಸೊಂಟದ ಭಾಗದ ಮೂಳೆಯನ್ನು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕಳೆದುಕೊಂಡಿರುವುದು ದಾಖಲಾಗಿದೆ; ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಮೂಳೆಯೂ ಸವೆಯುತ್ತದೆ. ಅವರೊಂದಿಗೆ ಹೋಲಿಸಿದರೆ ನಿಂತು ಪಾಠ ಮಾಡುವ ನೀವು ಎಷ್ಟೋ ಮೇಲು. ಆದರೆ ಇರುವ ಮೂಳೆಯನ್ನು ಹೆಚ್ಚಿಸಿಕೊಳ್ಳಲು ಅದು ಸಾಲದು.

ಇದು ಬರೀ ಲೆಕ್ಕಾಚಾರದ ಮಾತಲ್ಲ. ಲಾನ್ಸ್ ಲ್ಯಾನಿಯನ್ ಮತ್ತು ಕ್ಲಿಂಟನ್ ರೂಬಿನ್ 1984ರಲ್ಲಿ ಟರ್ಕಿ ಕೋಳಿಗಳ ರೆಕ್ಕೆಯ ಮೂಳೆಯನ್ನು ಸಹಜ ಚಲನೆಯಿಂದ ಬೇರ್ಪಡಿಸಿ, ಕೆಲವಕ್ಕೆ ಒಂದೇ ಸಮನಾದ ಭಾರವನ್ನು ಹೊರಿಸಿಟ್ಟರು; ಇನ್ನು ಕೆಲವಕ್ಕೆ ಅಷ್ಟೇ ಪ್ರಮಾಣದ ಭಾರವನ್ನು ದಿನಕ್ಕೆ ನೂರು ಸಲ ಹಾಕಿ ತೆಗೆದರು. ಒಂದೇ ಸಮನೆ ಭಾರ ಹೊತ್ತ ಮೂಳೆ, ಏನೂ ಭಾರ ಹೊರದ ಮೂಳೆಯಂತೆಯೇ ಸವೆಯಿತು. ಹಾಕಿ ತೆಗೆದ ಮೂಳೆ ದಪ್ಪವಾಯಿತು. ನಿಮ್ಮ "ಲೆಕ್ಕಕ್ಕೇ ಇಲ್ಲವೇ" ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಬೇರೊಂದು ಪ್ರಯೋಗವನ್ನು ನಾನು ಕಂಡಿಲ್ಲ.

ಭಾರಕ್ಕೆ ತಕ್ಕಂತೆ ಮೂಳೆ ತನ್ನ ಆಕಾರವನ್ನು ತಿದ್ದಿಕೊಳ್ಳುತ್ತದೆ ಎಂಬ ವಿಚಾರ ಹಳೆಯದು. ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ 1892ರಲ್ಲಿ ಅದನ್ನು ನಿಯಮದ ರೂಪದಲ್ಲಿ ಮಂಡಿಸಿದರು. ಆದರೆ ಭಾರ ಬಿದ್ದದ್ದು ಮೂಳೆಯ ಕೋಶಕ್ಕೆ ತಿಳಿಯುವುದು ಹೇಗೆ ಎಂಬುದು ಇನ್ನೂ ನೂರು ವರ್ಷ ಬಿಡಿಸದ ಗಂಟಾಗಿಯೇ ಉಳಿಯಿತು. ಗಂಟು ಎಲ್ಲಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ದ್ರವದ ಮಹತ್ವ ಅರ್ಥವಾಗುವುದು ಅಲ್ಲಿಯೇ.

ಮೂಳೆ ಎಷ್ಟು ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂದು ಅಳೆಯುತ್ತಾರೆ. ಒಂದು ಪಾಲಿಗೆ ಒಂದು ಮೈಕ್ರೋಸ್ಟ್ರೇನ್ ಎಂದು ಹೆಸರು. ಸ್ವಯಂಸೇವಕರ ಕಾಲಿನ ಮೂಳೆಗೇ ಅಳತೆಯ ತಗಡುಗಳನ್ನು ಅಂಟಿಸಿ ನೋಡಿದಾಗ, ನಡಿಗೆಯಲ್ಲಿ ಕೆಲವು ನೂರು, ದಿಬ್ಬ ಹತ್ತಿ ಇಳಿದು ಜೋರಾಗಿ ಓಡಿದಾಗ ಹೆಚ್ಚೆಂದರೆ 2,000ದ ಆಸುಪಾಸು ಬಂತು. ಅಂದರೆ ಶೇಕಡಾ 0.2. ಆದರೆ ಮೂಳೆಯ ಕೋಶಗಳನ್ನು ಹೊರತೆಗೆದು, ತಟ್ಟೆಯಲ್ಲಿ ರಬ್ಬರಿನಂಥ ಹಾಳೆಯ ಮೇಲೆ ಬೆಳೆಸಿ, ಹಾಳೆಯನ್ನು ಎಳೆದು ನೋಡಿದರೆ, ಶೇಕಡಾ 1ರಿಂದ 10ರವರೆಗೆ ಎಳೆಯದೆ ಅವು ಸರಿಯಾಗಿ ಸ್ಪಂದಿಸಲಿಲ್ಲ. ಮೂಳೆಯನ್ನೇ ಅಷ್ಟು ಎಳೆದರೆ ಶೇಕಡಾ 1ರ ಹೊತ್ತಿಗೆ ಬಿರುಕು ಬೀಳತೊಡಗುತ್ತದೆ, 2 ಅಥವಾ 3ರ ಹೊತ್ತಿಗೆ ಮುರಿದೇ ಹೋಗುತ್ತದೆ. ಮುರಿಯುವಷ್ಟು ಎಳೆದರೆ ಮಾತ್ರ ಕೋಶಕ್ಕೆ ಅರಿವಾಗುವುದಾದರೆ, ದಿನನಿತ್ಯದ ನಡಿಗೆಗೂ ಆಟಕ್ಕೂ ಮೂಳೆ ಸ್ಪಂದಿಸುವುದು ಹೇಗೆ? ಮೂಳೆಯ ಸಣ್ಣ ಕದಲಿಕೆಯನ್ನು ಕೋಶದ ಹತ್ತಿರಕ್ಕೆ ಬರುವಷ್ಟರಲ್ಲಿ ದೊಡ್ಡದು ಮಾಡುವ ಏನೋ ಒಂದು ನಡುವೆ ಇರಲೇಬೇಕಾಗಿತ್ತು.

ಆ ನಡುವಿನದು ದ್ರವ ಎಂದು ನ್ಯೂಯಾರ್ಕಿನ ಸಿಟಿ ಕಾಲೇಜಿನ ಶೆಲ್ಡನ್ ವೈನ್‌ಬಾಮ್, ಸ್ಟೀಫನ್ ಕೋವಿನ್ ಮತ್ತು ಅವರ ಸಹೋದ್ಯೋಗಿ ಝೆಂಗ್ 1994ರಲ್ಲಿ ಗಣಿತದ ಮೂಲಕ ತೋರಿಸಿದರು. ಒಂದು ಸಂದು ಕಿರಿದಾದಷ್ಟೂ ಅದರ ಮೂಲಕ ನುಗ್ಗುವ ದ್ರವ ಗೋಡೆಯನ್ನು ಹೆಚ್ಚು ಸವರಿ ಎಳೆಯುತ್ತದೆ. ಹೀಗೆ ಮೇಲ್ಮೈಯುದ್ದಕ್ಕೂ ಸವರಿಕೊಂಡು ಎಳೆಯುವ ಬಲವನ್ನು ಶಿಯರ್ ಒತ್ತಡ ಎನ್ನುತ್ತಾರೆ. ಮೂಳೆ ಸಾವಿರಕ್ಕೆ ಒಂದು ಪಾಲು ಕುಗ್ಗಿದರೂ ಸೂಕ್ಷ್ಮನಾಳದಲ್ಲಿ ಹರಿಯುವ ದ್ರವ ಅಸ್ಥಿಕೋಶದ ಕವಲಿನ ಮೇಲೆ 0.8ರಿಂದ 3 ಪಾಸ್ಕಲ್‌ವರೆಗೆ ಶಿಯರ್ ಒತ್ತಡ ಹೇರಬಲ್ಲದು ಎಂದು ಅವರ ಲೆಕ್ಕ ಹೇಳಿತು. ಹರಿಯುವ ರಕ್ತ ಅಪಧಮನಿಯ ಒಳಗೋಡೆಯ ಮೇಲೆ ಹೇರುವ ಒತ್ತಡವೂ ಇದೇ ಮಟ್ಟದ್ದು, ಒಂದೆರಡು ಪಾಸ್ಕಲ್. ಆ ಗೋಡೆಯ ಕೋಶಗಳು ಅದನ್ನು ಅರಿತು ನಾಳವನ್ನು ಅಗಲಿಸುವುದೂ ಕಿರಿದಾಗಿಸುವುದೂ ಆಗಲೇ ಗೊತ್ತಿತ್ತು. ಕಲ್ಲಿನೊಳಗೆ ಹುದುಗಿದ ಕೋಶಕ್ಕೂ ರಕ್ತನಾಳದ ಕೋಶಕ್ಕೂ ಒಂದೇ ಬಗೆಯ ಸ್ಪರ್ಶ ತಲುಪುತ್ತದೆ ಎಂಬುದು ಆಗ ಅನೇಕರನ್ನು ಬೆರಗುಗೊಳಿಸಿತು. ಮರುವರ್ಷವೇ, 1995ರಲ್ಲಿ, ಆಮ್‌ಸ್ಟರ್‌ಡಾಮಿನ ಜೆನೆಕ್ ಕ್ಲೈನ್-ನುಲೆಂಡ್ ಮತ್ತು ಸಂಗಡಿಗರು ಕೋಳಿ ಭ್ರೂಣದ ಮೂಳೆಯಿಂದ ಅಸ್ಥಿಕೋಶಗಳನ್ನು ಬಿಡಿಸಿ ಅವುಗಳ ಮೇಲೆ ಮಿಡಿಯುವಂತೆ ದ್ರವ ಹರಿಸಿದಾಗ, ಅವು ಪ್ರೋಸ್ಟಾಗ್ಲಾಂಡಿನ್ ಎಂಬ ಸಂದೇಶವಾಹಕವನ್ನು ಹೆಚ್ಚಾಗಿ ಹೊರಬಿಟ್ಟವು.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಕವಲಿನ ಸುತ್ತಲಿನ ಸಂದು ಖಾಲಿ ಕೊಳವೆಯಲ್ಲ. ಅದರಲ್ಲಿ ಪರ್ಲೆಕಾನ್‌ನಂಥ ಉದ್ದನೆಯ ಅಣುಗಳ ಜಾಲವಿದೆ, ಅವು ಕವಲನ್ನು ಸುತ್ತಲಿನ ಗೋಡೆಗೆ ಹಗ್ಗಗಳಂತೆ ಕಟ್ಟಿ ಹಿಡಿದಿರುತ್ತವೆ. ಹೊಳೆಯಲ್ಲಿ ನೆಟ್ಟ ಗೂಟಗಳ ನಡುವೆ ನೀರು ನುಗ್ಗುವಾಗ ಗೂಟಗಳ ಮೇಲೆ ಬೀಳುವ ಸೆಳೆತದಂತೆ, ಹರಿಯುವ ದ್ರವ ಈ ಅಣುಗಳನ್ನು ಸೆಳೆಯುತ್ತದೆ, ಅವು ಕವಲಿನ ಪೊರೆಯನ್ನು ಹೊರಕ್ಕೆ ಎಳೆಯುತ್ತವೆ. 2001ರಲ್ಲಿ ಅದೇ ನ್ಯೂಯಾರ್ಕ್ ತಂಡ ಮಾಡಿದ ಲೆಕ್ಕದಂತೆ ಈ ಸೆಳೆತದಿಂದ ಕವಲಿನ ಪೊರೆ ಹಿಗ್ಗುವುದು ಇಡೀ ಮೂಳೆ ಹಿಗ್ಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಬೇಕಾಗಿದ್ದ ಶೇಕಡಾವಾರು ಹಿಗ್ಗು ಇಲ್ಲಿ, ಮೂಳೆ ಮುರಿಯದೆಯೇ ಒದಗಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ಸೊಗಸಾದ ಕಾಣ್ಕೆ ಇದು.

ಲೆಕ್ಕ ಸರಿಯೇ ಎಂದು ಜೀವಂತ ಮೂಳೆಯಲ್ಲಿ ಪರೀಕ್ಷಿಸಿ ನೋಡಬೇಕಲ್ಲ? ಕೂದಲಿಗಿಂತ ನೂರಾರು ಪಟ್ಟು ಸಣ್ಣ ಸುರಂಗದೊಳಗೆ ಅಳತೆಯ ಸಾಧನ ಇಳಿಸಲಾಗದು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಲಿಯುನ್ ವಾಂಗ್ ಅವರ ತಂಡ ಇದಕ್ಕೆ ಜಾಣ ಉಪಾಯ ಹುಡುಕಿತು. ಇಲಿಯ ದೇಹಕ್ಕೆ ಹೊಳೆಯುವ ಬಣ್ಣವನ್ನು ಸೇರಿಸಿದರೆ ಅದು ಮೂಳೆಯ ಗೂಡುಗಳವರೆಗೂ ಹೋಗಿ ತುಂಬುತ್ತದೆ. ಒಂದೇ ಒಂದು ಗೂಡಿನ ಬಣ್ಣವನ್ನು ಲೇಸರ್ ಕಿರಣದಿಂದ ಸುಟ್ಟು ಮಂಕಾಗಿಸಿ, ಪಕ್ಕದ ಗೂಡುಗಳಿಂದ ಹೊಸ ಬಣ್ಣ ಎಷ್ಟು ಬೇಗ ಬಂದು ತುಂಬಿಕೊಳ್ಳುತ್ತದೆ ಎಂದು ನೋಡುವುದು. ಮೊದಲು ಮೂಳೆಗೆ ಭಾರ ಹಾಕದೆ, ಆಮೇಲೆ ಹಾಕಿ ತೆಗೆಯುತ್ತ. ಭಾರ ಹಾಕಿ ತೆಗೆದಾಗ ಬಣ್ಣ ಬೇಗ ತುಂಬಿತು. ಅದರಿಂದ ಲೆಕ್ಕ ಹಾಕಿ ದ್ರವದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 60 ಮೈಕ್ರೋಮೀಟರ್, ಕವಲಿನ ಮೇಲಿನ ಶಿಯರ್ ಒತ್ತಡ ಸುಮಾರು 5 ಪಾಸ್ಕಲ್ ಎಂದು 2011ರಲ್ಲಿ ವರದಿ ಮಾಡಿದರು. ಕಾಗದದ ಮೇಲೆ ಹದಿನೇಳು ವರ್ಷ ಹಿಂದೆ ಬಂದ ಅಂಕಿಗೆ ಇದು ಎಷ್ಟು ಸಮೀಪದ್ದು ಎಂಬುದನ್ನು ಗಮನಿಸಿ.

ಇಲ್ಲಿ ಒಬ್ಬ ಎಚ್ಚರದ ಓದುಗ ಆಕ್ಷೇಪ ಎತ್ತಬಹುದು: ಭಾರ ಹಾಕಿದಾಗ ದ್ರವವೂ ಹರಿಯುತ್ತದೆ, ಮೂಳೆಯೂ ಬಾಗುತ್ತದೆ, ಹಾಗಿರುವಾಗ ಕೋಶ ಎಚ್ಚೆತ್ತದ್ದು ದ್ರವದಿಂದಲೇ ಎಂದು ಹೇಳುವುದು ಹೇಗೆ? ಈ ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ಉತ್ತರವಾಗಿ ಯಿ-ಶಿಯಾನ್ ಚಿನ್ ಮತ್ತು ಸಂಗಡಿಗರು ಮತ್ತೆ ಟರ್ಕಿ ಕೋಳಿಯ ರೆಕ್ಕೆಯ ಮೂಳೆಯನ್ನೇ ತೆಗೆದುಕೊಂಡು, ಅದಕ್ಕೆ ಹೊರಗಿನಿಂದ ಭಾರ ಹಾಕದೆ, ಒಳಗಿನ ಮಜ್ಜೆಯ ಕುಹರದಲ್ಲಿ ದ್ರವದ ಒತ್ತಡವನ್ನು ಸೆಕೆಂಡಿಗೆ 20 ಸಲ ಏರಿಳಿಸಿದರು. ಮೂಳೆಗೆ ಬಾಗುವಿಕೆ ಎನ್ನಬಹುದಾದದ್ದು ಆಗಲೇ ಇಲ್ಲ. ಆದರೂ ದಿನಕ್ಕೆ ಹತ್ತು ನಿಮಿಷದಂತೆ ನಾಲ್ಕು ವಾರ ಹೀಗೆ ಮಾಡಿದ ಮೇಲೆ ಹೊಸ ಮೂಳೆ ಮೂಡಿತ್ತು, ಒತ್ತಡದ ಇಳಿಜಾರು ಹೆಚ್ಚಿದ್ದಲ್ಲಿ ಹೆಚ್ಚಾಗಿಯೇ ಮೂಡಿತ್ತು. ಕೋಶಕ್ಕೆ ತಲುಪುವ ಸುದ್ದಿಯಲ್ಲಿ ದ್ರವದ ಪಾಲು ದೊಡ್ಡದು ಎಂಬುದನ್ನು ಇದಾದ ಮೇಲೆ ಅಲ್ಲಗಳೆಯುವುದು ಕಷ್ಟ. ಹಾಗೆಂದು ದ್ರವವೊಂದೇ ಸರ್ವಸ್ವ ಎಂದು ನಾನು ಹೇಳುವುದಿಲ್ಲ. ಕೋಶದ ಪೊರೆ, ಅದನ್ನು ಗೋಡೆಗೆ ಬಿಗಿದ ಇಂಟಿಗ್ರಿನ್ ಎಂಬ ಪ್ರೋಟೀನುಗಳು, ಎಲ್ಲವೂ ಕೂಡಿಯೇ ಕೆಲಸ ಮಾಡುತ್ತವೆ.

ಮೂಳೆಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ನೀವು ಎಲ್ಲಾದರೂ ಓದಿದ್ದರೆ, ಅದೂ ಈ ದ್ರವಕ್ಕೇ ಬಂದು ಸೇರುತ್ತದೆ. ಜಪಾನಿನ ಫುಕಾಡಾ ಮತ್ತು ಯಾಸುದಾ 1957ರಲ್ಲಿ ಒಣ ಮೂಳೆಯನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ತೋರಿಸಿದ್ದರು. ಆದರೆ ಒದ್ದೆಯಾದ, ಜೀವಂತ ಸ್ಥಿತಿಗೆ ಹತ್ತಿರದ ಮೂಳೆಯಲ್ಲಿ ಅಳೆದಾಗ ಸಿಗುವ ವಿದ್ಯುತ್ತಿನ ಬಹುಪಾಲು, ಲವಣಗಳಿರುವ ದ್ರವ ವಿದ್ಯುದಂಶವಿರುವ ಗೋಡೆಗಳ ಪಕ್ಕ ಹರಿಯುವುದರಿಂದ ಬರುವುದು ಎಂದು ಮುಂದೆ ತಿಳಿಯಿತು.

ದ್ರವ ಸವರಿದ ಮೇಲೆ ಕೋಶದಲ್ಲಿ ನಡೆಯುವುದನ್ನು ಚುಟುಕಾಗಿ ಹೇಳುತ್ತೇನೆ. ಪೊರೆಯಲ್ಲಿರುವ, ಎಳೆತಕ್ಕೆ ತೆರೆದುಕೊಳ್ಳುವ ಬಾಗಿಲುಗಳ ಮೂಲಕ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಂಥ ಒಂದು ಬಾಗಿಲು ಪಿಯೆಜೋ-1, ಅದರ ಶೋಧಕ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಕೆಲವೇ ಸೆಕೆಂಡು, ನಿಮಿಷಗಳಲ್ಲಿ ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಗ್ಲಾಂಡಿನ್ ಹೊರಬೀಳುತ್ತವೆ. ಗಂಟೆಗಳ ನಂತರ ಇನ್ನೊಂದು ಬದಲಾವಣೆ ಕಾಣುತ್ತದೆ: ಅಸ್ಥಿಕೋಶ ಸಾಮಾನ್ಯವಾಗಿ ಹೊರಬಿಡುವ ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನು ಕಡಿಮೆಯಾಗುತ್ತದೆ. ಸ್ಕ್ಲಿರೋಸ್ಟಿನ್ ಮೂಳೆ ಕಟ್ಟುವ ಕೋಶಗಳಿಗೆ ಹಾಕಿದ ಕಡಿವಾಣ. ಭಾರ ಬಿದ್ದ ಜಾಗದಲ್ಲಿ ಕಡಿವಾಣ ಸಡಿಲವಾಗಿ ಅಲ್ಲಿಯೇ ಮೂಳೆ ಕಟ್ಟತೊಡಗುತ್ತದೆ, ಭಾರ ಬೀಳದ ಕಡೆ ಬಿಗಿಯಾಗಿಯೇ ಉಳಿಯುತ್ತದೆ. ಟೆನಿಸ್ ಆಟಗಾರರ ಆಡುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ಎದ್ದು ಕಾಣುವಷ್ಟು ದಪ್ಪವಾಗಿರುವುದು ಹೀಗೆ. ಹುಟ್ಟಿನಿಂದಲೇ ಸ್ಕ್ಲಿರೋಸ್ಟಿನ್ ಇಲ್ಲದ ಕೆಲವು ಕುಟುಂಬಗಳು ದಕ್ಷಿಣ ಆಫ್ರಿಕಾದಲ್ಲಿವೆ. ಅವರ ಮೂಳೆಗಳು ಅಸಾಧಾರಣವಾಗಿ ದಪ್ಪ. ಅವರನ್ನು ಅಧ್ಯಯನ ಮಾಡಿದ್ದರಿಂದಲೇ ಸ್ಕ್ಲಿರೋಸ್ಟಿನ್ ತಡೆಯುವ ರೊಮೊಸೊಜುಮಾಬ್ ಎಂಬ ಔಷಧಕ್ಕೆ ದಾರಿಯಾಯಿತು, 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ದ್ರವಕ್ಕೆ ಸುದ್ದಿ ಒಯ್ಯುವುದಲ್ಲದೆ ಇನ್ನೊಂದು ಕೆಲಸವೂ ಇದೆ, ಅದನ್ನು ಬಿಡಬಾರದು. ಅಸ್ಥಿಕೋಶದ ಬಳಿಗೆ ರಕ್ತನಾಳ ಹೋಗುವುದಿಲ್ಲ. ಆಮ್ಲಜನಕ, ಸಕ್ಕರೆಯಂಥ ಸಣ್ಣ ಅಣುಗಳು ತಮ್ಮಷ್ಟಕ್ಕೆ ಹರಡಿಕೊಂಡು ತಲುಪಬಹುದಾದರೂ, ದೊಡ್ಡ ಅಣುಗಳು ಆ ಕಿರಿದಾದ, ಜಾಲ ತುಂಬಿದ ಸಂದಿನಲ್ಲಿ ತೆವಳಿ ಮುಟ್ಟುವುದು ಕಷ್ಟ. ಹೆಜ್ಜೆ ಹೆಜ್ಜೆಗೂ ಹಿಂಡಿ ಬಿಡುವ ಮೂಳೆ ಆಹಾರವನ್ನು ಒಳಕ್ಕೂ ಕಸವನ್ನು ಹೊರಕ್ಕೂ ಪಂಪಿನಂತೆ ಸಾಗಿಸುತ್ತದೆ ಎಂದು ಪೀಕಾರ್ಸ್ಕಿ ಮತ್ತು ಮನ್ರೋ 1977ರಲ್ಲೇ ಸೂಚಿಸಿದ್ದರು. ಬಹಳ ದಿನ ಭಾರ ಬೀಳದ ಮೂಳೆಯಲ್ಲಿ ಅಸ್ಥಿಕೋಶಗಳು ಸಾಯತೊಡಗುತ್ತವೆ, ಸತ್ತ ಕೋಶಗಳಿರುವ ಕಡೆಗೆ ಮೂಳೆ ಕರಗಿಸುವ ಕೋಶಗಳು ಬರುತ್ತವೆ. ಹಾಸಿಗೆ ಹಿಡಿದ ಹಿರಿಯರ ಮೂಳೆ ಬೇಗ ಸೊರಗುವುದರ ಹಿಂದೆ ಇದರ ಪಾಲೂ ಇದೆ.

ಇನ್ನು ನಿಮ್ಮ ವೈದ್ಯರ "ಚುರುಕಾದ ಪೆಟ್ಟು". ದ್ರವದ ಹರಿವು ಭಾರ ಎಷ್ಟು ಬೇಗ ಏರುತ್ತದೆ ಎಂಬುದರ ಮೇಲೆ ನಿಂತಿರುವುದರಿಂದ, ಅದೇ ಭಾರ ನಿಧಾನವಾಗಿ ಬಿದ್ದರೆ ಒತ್ತಡ ಏರುವ ಮುನ್ನವೇ ಸಮವಾಗುತ್ತ ಹೋಗುತ್ತದೆ, ಥಟ್ಟನೆ ಬಿದ್ದರೆ ಹರಿವು ಜೋರಾಗುತ್ತದೆ. ನಿಧಾನ ನಡಿಗೆಗಿಂತ ಬಿರುಸಿನ ನಡಿಗೆ, ಅದಕ್ಕಿಂತ ಮೆಟ್ಟಿಲಿಳಿಯುವುದು, ಅದಕ್ಕಿಂತ ಸಣ್ಣ ನೆಗೆತ ಮೂಳೆಗೆ ಹೆಚ್ಚು ಕೇಳಿಸುತ್ತದೆ. ಈಜು ಮತ್ತು ಸೈಕಲ್ ಹೃದಯಕ್ಕೆ ಒಳ್ಳೆಯವು, ಆದರೆ ಅವುಗಳಲ್ಲಿ ಕಾಲು ನೆಲಕ್ಕೆ ಬಡಿಯುವುದಿಲ್ಲ. ಮೂಳೆಯ ಮಟ್ಟಿಗೆ ಅವನ್ನು ನೆಚ್ಚಿಕೊಳ್ಳುವಂತಿಲ್ಲ.

ಇದರಲ್ಲಿ ನಿಮಗೆ ಅನುಕೂಲವಾಗುವ ಒಂದು ಅಂಶವಿದೆ: ಮೂಳೆಗೆ ಬೇಕಾದ ಎಣಿಕೆ ತೀರ ಸಣ್ಣದು. ರೂಬಿನ್ ಮತ್ತು ಲ್ಯಾನಿಯನ್ನರ ಇನ್ನೊಂದು ಪ್ರಯೋಗದಲ್ಲಿ ಹಕ್ಕಿಯ ರೆಕ್ಕೆಯ ಮೂಳೆಗೆ ದಿನಕ್ಕೆ ಬರೀ 4 ಸಲ ಭಾರ ಹಾಕಿ ತೆಗೆದರೆ ಸವೆತ ನಿಂತಿತು, 36 ಸಲಕ್ಕೆ ಮೂಳೆ ಬೆಳೆಯಿತು, 1,800 ಸಲ ಹಾಕಿದರೂ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಕೋಶ ಬೇಗ ಕಿವುಡಾಗುತ್ತದೆ. ಅಲೆಕ್ಸಾಂಡರ್ ರೋಬ್ಲಿಂಗ್, ಡೇವಿಡ್ ಬರ್, ಚಾರ್ಲ್ಸ್ ಟರ್ನರ್ ಇಲಿಗಳಲ್ಲಿ ದಿನದ 360 ಆವರ್ತನೆಗಳನ್ನು ಒಟ್ಟಿಗೆ ಮುಗಿಸುವ ಬದಲು 90ರಂತೆ ನಾಲ್ಕು ಸಲ ಬಿಡುವು ಕೊಟ್ಟು ಮಾಡಿದಾಗ ಹೆಚ್ಚು ಮೂಳೆ ಮೂಡಿತು. ಕೋಶ ತನ್ನ ಸಂವೇದನೆಯನ್ನು ಪೂರ್ತಿ ಮರಳಿ ಪಡೆಯಲು ಸುಮಾರು ಎಂಟು ಗಂಟೆ ಬೇಕಾಯಿತು. ಹಾಗಾಗಿ ಸಂಜೆ ಅರ್ಧ ಗಂಟೆಯ ನಡಿಗೆಯನ್ನು ಒಂದು ಗಂಟೆಗೆ ಏರಿಸುವುದಕ್ಕಿಂತ, ಬೆಳಿಗ್ಗೆ ಕೆಲವು ನಿಮಿಷ, ಸಂಜೆ ಕೆಲವು ನಿಮಿಷ ಚುರುಕಾದದ್ದೇನಾದರೂ ಮಾಡುವುದು ಮೂಳೆಯ ಲೆಕ್ಕದಲ್ಲಿ ಮೇಲು. ನಿಮ್ಮ ಶಾಲೆಯ ಅಂಗಳದಲ್ಲಿ ಕುಂಟೆಬಿಲ್ಲೆಯನ್ನೂ ಹಗ್ಗದಾಟವನ್ನೂ ಆಡುವ ಮಕ್ಕಳು ಅರಿಯದೆಯೇ ಸರಿಯಾದುದನ್ನೇ ಮಾಡುತ್ತಿದ್ದಾರೆ: ಸಣ್ಣ ನೆಗೆತ, ನಡುವೆ ಬಿಡುವು, ಮತ್ತೆ ನೆಗೆತ. ಅವರ ಆಟದ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಬೇಡಿ ಎಂದು ಶಿಕ್ಷಕಿಯಾದ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಬೆಳೆಯುವ ವಯಸ್ಸಿನ ಮೂಳೆ ಈ ಕರೆಗೆ ಓಗೊಡುವಷ್ಟು ಬೇರಾವ ವಯಸ್ಸಿನದೂ ಓಗೊಡುವುದಿಲ್ಲ.

ಆದರೆ ನೀವು ನಾಳೆಯೇ ನೆಗೆಯಲು ಶುರುಮಾಡಬಾರದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ ಮೂಳೆಯ ಸ್ಪಂದನೆ ಮಂದವಾಗುತ್ತದೆ, ವಯಸ್ಸಾದಂತೆ ಅಸ್ಥಿಕೋಶಗಳೂ ಅವುಗಳ ಕವಲುಗಳೂ ಕಡಿಮೆಯಾಗುತ್ತವೆ. ಇದರಿಂದ ಮೊಳೆಯುವ ಪ್ರಶ್ನೆ ಎರಡು: ವ್ಯಾಯಾಮ ಇನ್ನೂ ಫಲ ಕೊಡುತ್ತದೆಯೇ, ಸುರಕ್ಷಿತವೇ? ಆಸ್ಟ್ರೇಲಿಯಾದಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಿದ್ದ, 58 ದಾಟಿದ 101 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಾರಕ್ಕೆ ಎರಡು ಸಲ ಅರ್ಧ ಗಂಟೆಯಂತೆ ಎಂಟು ತಿಂಗಳು ತರಬೇತುದಾರರ ಕಣ್ಗಾವಲಿನಲ್ಲಿ ಭಾರ ಎತ್ತುವುದು ಮತ್ತು ನೆಗೆದು ಇಳಿಯುವುದು ಮಾಡಿದವರ ಸೊಂಟದ ಮಟ್ಟದ ಬೆನ್ನೆಲುಬಿನ ಸಾಂದ್ರತೆ ಶೇಕಡಾ 2.9ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 1.2ರಷ್ಟು ಇಳಿಯಿತು. ಫಲ ಉಂಟು, ಆದರೆ ಕಣ್ಗಾವಲು ಎಂಬ ಪದವನ್ನು ದಯವಿಟ್ಟು ಬಿಟ್ಟು ಓದಬೇಡಿ. ಬೆನ್ನೆಲುಬಿನಲ್ಲಿ ಈಗಾಗಲೇ ಕುಸಿತವಿದ್ದರೆ, ಮೊಣಕಾಲು ಸವೆದಿದ್ದರೆ, ತಲೆಸುತ್ತು ಬರುತ್ತಿದ್ದರೆ ನೆಗೆತ ನಿಮಗಲ್ಲ. ಸ್ಕ್ಯಾನಿನ ವರದಿಯನ್ನು ಹಿಡಿದುಕೊಂಡು ಫಿಸಿಯೋಥೆರಪಿಸ್ಟರ ಬಳಿ ಹೋಗಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ನೆಲಕ್ಕೆ ಬಿಡುವುದರಿಂದ ಆರಂಭಿಸಬಹುದೇ ಎಂದು ಕೇಳಿ. ಮೇಲೆ ನಿಂತರೆ ಸಾಕು ಎಂದು ಮಾರುವ ಕಂಪನ ಹಲಗೆಗಳಿಗೆ ಹಣ ಹಾಕಬೇಕೆಂದು ನಾನು ಹೇಳುವುದಿಲ್ಲ. ವಯಸ್ಸಾದವರಲ್ಲಿ ಎರಡು ವರ್ಷ ನಡೆದ ಒಂದು ಪರೀಕ್ಷೆಯಲ್ಲಿ ಅವುಗಳಿಂದ ಸಾಂದ್ರತೆ ಹೆಚ್ಚಲಿಲ್ಲ. ವೈದ್ಯರು ಔಷಧ ಬರೆದಿದ್ದರೆ ವ್ಯಾಯಾಮ ಅದಕ್ಕೆ ಬದಲಿಯಲ್ಲ.

ಕಡೆಯದಾಗಿ ರಾತ್ರಿಯ ಪ್ರಶ್ನೆ. ನೀವು ಮಲಗಿದಾಗಲೂ ದ್ರವ ಪೂರ್ತಿ ನಿಲ್ಲುವುದಿಲ್ಲ. ಮಜ್ಜೆಯ ಕುಹರದಲ್ಲಿನ ಒತ್ತಡ ಮೂಳೆಯ ಹೊರಮೈಯದಕ್ಕಿಂತ ಹೆಚ್ಚಿರುವುದರಿಂದ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಜಿನುಗುತ್ತಿರುತ್ತದೆ, ಮಗ್ಗುಲು ಬದಲಿಸಿದಾಗ ಅಷ್ಟಿಷ್ಟು ಕದಲುತ್ತದೆ. ಕವಲುಗಳನ್ನು ಎಳೆದು ಎಬ್ಬಿಸುವ ಬಿರುಸು ಮಾತ್ರ ಆಗ ಇರುವುದಿಲ್ಲ. ಇಲಿಗಳಲ್ಲಿ ಕಂಡ ಆ ಎಂಟು ಗಂಟೆಯ ಲೆಕ್ಕ ನಮಗೂ ಹೆಚ್ಚುಕಡಿಮೆ ಹೊಂದುವುದಾದರೆ, ಸಂಜೆಯ ನಡಿಗೆಗೆ ಕಿವುಡಾಗಿದ್ದ ಕೋಶಗಳು ರಾತ್ರಿಯ ನಿದ್ರೆ ಮುಗಿಯುವ ಹೊತ್ತಿಗೆ ಮತ್ತೆ ಕೇಳಲು ಸಿದ್ಧವಾಗಿರುತ್ತವೆ. ಆದ್ದರಿಂದ ಆ ಕೆಲವು ನಿಮಿಷಗಳ ಮೊದಲ ಕಂತನ್ನು ಶಾಲೆಗೆ ಹೊರಡುವ ಮುನ್ನ, ಮೈ ಬೆಚ್ಚಗಾದ ಮೇಲೆ ಇಟ್ಟುಕೊಳ್ಳಿ.